ದೌತಿ ಇಲ್ಲದ ಚಿತ್ರಗಳು

ರವಿವಾರ, 28 ಸೆಪ್ಟೆಂಬರ್ 2025
ಗೋಕುಲ ರಸ್ತೆ, ಹುಬ್ಬಳ್ಳಿ

ಪಕ್ಕದ ಮನೆಯ ಹಿರಿಯರು ದಸರೆಗೆ ಅಂತ ಅಟ್ಟ ಸ್ವಚ್ಛ ಮಾಡಿಸಿದ್ದಾರೆ. ಸಂಜೆ ಒಂದು ಹಿತ್ತಾಳೆಯ ದೌತಿ, ಅಂದರೆ ಮಸಿಪಾತ್ರೆ, ಹಿಡಿದುಕೊಂಡು ಬಂದರು. "ನಮ್ಮ ಮುತ್ಯಾಂದು ನೋಡ್ರಿ ಮೇಡಂ. ನೀವು ಚಿತ್ರಾ ತಗಿಯಾವ್ರು, ದೀಪಾವಳಿ ಮುಗಿಯೂತನಕ ನಿಮ್ಮ ಕಡೆನ ಇರ್ಲಿ" ಅಂದರು. ಅವರ ಮುತ್ಯಾ, ಅಂದರೆ ಅಜ್ಜ, ನವಲಗುಂದದ ಕಡೆ ಒಂದೂರಿನ ಲೆಕ್ಕ ಬರೆಯುವ ಕುಲಕರ್ಣಿಯಾಗಿದ್ದವರು.

ಮೇಜಿನ ಮೇಲೆ ಕೂರುವ ದೌತಿ ಇದಲ್ಲ. ನಡುಕಟ್ಟಿನಲ್ಲಿ ಸಿಕ್ಕಿಸಿಕೊಂಡು ತಿರುಗಾಡುವಂಥದ್ದು. ಗೇಣಿಗಿಂತ ತುಸು ಉದ್ದದ ಚಪ್ಪಟೆ ಕೊಳವೆ, ಅದರೊಳಗೆ ಬೋರು, ಅಂದರೆ ಜೊಂಡಿನ ಲೇಖನಿ, ಇಡುವ ಜಾಗ. ಕೊಳವೆಯ ಒಂದು ತುದಿಗೆ ಬೆಸೆದ ಆರು ಮೂಲೆಯ ಪುಟ್ಟ ಕುಡಿಕೆ. ಕುಡಿಕೆಯ ಮುಚ್ಚಳಕ್ಕೆ ಬಿಜಾಗರಿ ಇದೆ, ಸಣ್ಣ ಕೊಂಡಿಯೂ ಇದೆ. ಕೊಂಡಿ ಹಾಕುವ ಕಡೆ ಹಿತ್ತಾಳೆ ಸವೆದು ನುಣ್ಣಗಾಗಿದೆ. ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಗಿ ಕೂರುತ್ತದೆ.

ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಒಣಗಿದ ಮಸಿ, ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಅದರ ನಡುವೆ ಅರಿವೆಯ ಎಳೆಗಳು. ಮಸಿ ಚೆಲ್ಲದಿರಲಿ, ಬೋರಿಗೆ ಹೆಚ್ಚು ಹತ್ತದಿರಲಿ ಎಂದು ಕುಡಿಕೆಯೊಳಗೆ ಚಿಂದಿ ತುರುಕುತ್ತಿದ್ದರು. ಹಿರಿಯರ ಒಪ್ಪಿಗೆ ಕೇಳಿ, ಒದ್ದೆ ಮಾಡಿದ ಬ್ರಷ್‌ನ ತುದಿಯನ್ನು ಆ ಬಿರುಕಿಗೆ ತಾಗಿಸಿದೆ. ಮಸಿ ಬಿಟ್ಟುಕೊಂಡಿತು! ಕಾಗದದ ಮೇಲೆ ಎಳೆದರೆ ಬೆಚ್ಚನೆಯ ಕಪ್ಪು ಗೆರೆ. ದೀಪದ ಕಾಡಿಗೆ ಮತ್ತು ಗೋಂದಿನ ಮಸಿ ಇದು, ಎಷ್ಟು ವರ್ಷ ಒಣಗಿದರೂ ನೀರು ಕಂಡರೆ ಎದ್ದು ಬರುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿಯ ಮಸಿಯಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಹಿರಿಯರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಮುತ್ಯಾನ ಅಕ್ಷರ ಅವರು ಕಂಡಿಲ್ಲವಂತೆ. ದಫ್ತರವೆಲ್ಲ ಗೆದ್ದಲಿಗೆ ಹೋಗಿದೆ.

ಸೋಮವಾರ, 29 ಸೆಪ್ಟೆಂಬರ್

ಬೆಳಗಿನ ಬೆಳಕಿನಲ್ಲಿ ದೌತಿಯ ನಾಲ್ಕಾರು ಪೆನ್ಸಿಲ್ ಸ್ಕೆಚ್ ಮಾಡಿದೆ. ಸುಲಭದ ವಸ್ತುವಲ್ಲ. ಕೊಳವೆ ಒಂದು ದಿಕ್ಕಿಗೆ ಓಡುತ್ತದೆ, ಕುಡಿಕೆ ಅದಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಎರಡನ್ನೂ ಒಂದೇ ನೆಲದ ಮೇಲೆ ಕೂರಿಸುವುದೇ ಕಷ್ಟ.

ಮಧ್ಯಾಹ್ನ ಜರ್ಮನ್ ಚಿತ್ರಕಾರ ಡ್ಯೂರರ್‌ನ ಚಿತ್ರಗಳ ಪುಸ್ತಕ ತೆಗೆದೆ. ವಿದ್ವಾಂಸ ಎರಾಸ್ಮಸ್‌ನ 1526ರ ತಾಮ್ರದ ಕೊರೆತ. ಎರಾಸ್ಮಸ್ ನಿಂತುಕೊಂಡು ಬರೆಯುತ್ತಿದ್ದಾನೆ. ಬಲಗೈಯಲ್ಲಿ ಲೇಖನಿ, ಎಡಗೈಯಲ್ಲಿ ಮಸಿಕುಡಿಕೆ. ಹಿಂದೆ ಎಷ್ಟೋ ಸಲ ನೋಡಿದ ಚಿತ್ರ. ಇವತ್ತು ಕಣ್ಣು ಹೋದದ್ದು ಎಡಗೈಗೆ. ಮೇಜು ಎದುರಿಗೇ ಇದೆ, ಕುಡಿಕೆಯನ್ನು ಅದರ ಮೇಲೆ ಇಡಬಹುದಿತ್ತು. ಕೈಯಲ್ಲೇ ಹಿಡಿದಿದ್ದಾನೆ ಅಂದರೆ ಲೇಖನಿ ಪದೇ ಪದೇ ಅದರ ಬಳಿ ಬರುತ್ತದೆ ಎಂದರ್ಥ. ಬರೆಯುವ ಕೈ ಹೋಗಿ ಬರುವ ದಾರಿಯನ್ನು ಡ್ಯೂರರ್ ಆದಷ್ಟು ಚಿಕ್ಕದು ಮಾಡಿದ್ದಾನೆ. ತನ್ನ ಹಾಗೆ ಈ ಚಿತ್ರ ಕಾಣುವುದಿಲ್ಲ ಎಂದು ಎರಾಸ್ಮಸ್‌ಗೇ ಅನಿಸಿತ್ತಂತೆ. ಮುಖದ ಮಾತು ಹಾಗಿರಲಿ, ಆ ಎರಡು ಕೈಗಳು ಬರೆಯುವವನವೇ.

ಬುಧವಾರ, 1 ಅಕ್ಟೋಬರ್, ಖಂಡೇನವಮಿ

ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನ ತುಂಬ ಬಾಳೆಕಂಬ, ಚೆಂಡುಹೂ, ಒಡೆದ ಕುಂಬಳಕಾಯಿ. ಲೇತ್ ಮಶೀನಿಗೆ ವಿಭೂತಿ ಪಟ್ಟೆ, ಡ್ರಿಲ್ಲಿಂಗ್ ಮಶೀನಿಗೆ ಹಾರ. ಬಸ್ಸುಗಳಿಗೂ ಮಾಲೆ. ನಾನು ಬ್ರಷ್ಷು, ಪ್ಯಾಲೆಟ್ ಇಟ್ಟು ಪೂಜೆ ಮಾಡಿದೆ. ಈ ಸಲ ದೌತಿಯನ್ನೂ ಇಟ್ಟೆ.

ಉತ್ತರ ಭಾರತದ ಕಾಯಸ್ಥರಲ್ಲಿ ದೌತಿಗೇ ಒಂದು ಪೂಜೆ ಉಂಟು. ದೀಪಾವಳಿಯ ನಂತರದ ಯಮದ್ವಿತೀಯೆಯ ದಿನ ಲೇಖನಿ ಮತ್ತು ದೌತಿ ಇಟ್ಟು ಚಿತ್ರಗುಪ್ತನನ್ನು ಪೂಜಿಸುತ್ತಾರೆ. ಅವರ ಪಟಗಳಲ್ಲಿ ಚಿತ್ರಗುಪ್ತನ ಒಂದು ಕೈಯಲ್ಲಿ ಲೇಖನಿ, ಇನ್ನೊಂದರಲ್ಲಿ ಮಸಿಪಾತ್ರೆ. ನಮ್ಮ ತೆಂಕಣಕ್ಕೆ ಬಂದರೆ, ಕಂಚಿಯಲ್ಲಿ ಚಿತ್ರಗುಪ್ತನಿಗೇ ಒಂದು ಗುಡಿ ಇದೆ. ಅಲ್ಲಿನ ಮೂರ್ತಿಯ ಬಲಗೈಯಲ್ಲಿ ಓಲೆ ಕೊರೆಯುವ ಕಂಠ, ಎಡಗೈಯಲ್ಲಿ ಓಲೆಗರಿ. ದೌತಿ ಇಲ್ಲ. ಲೆಕ್ಕ ಬರೆಯುವ ದೇವರು ಒಬ್ಬನೇ, ಲೆಕ್ಕವೂ ಅದೇ. ಇಲ್ಲಿ ಕೈಯೊಳಗಿನ ಸಾಮಾನೇ ಬೇರೆ.

ಗುರುವಾರ, 2 ಅಕ್ಟೋಬರ್

ಬನ್ನಿ ಕೊಟ್ಟು ತಗೊಂಡು ಬಂದೆ. ಓಣಿಯ ಮಕ್ಕಳೆಲ್ಲ ಬಂದಿದ್ದರು. ಕೆಲಸ ಏನೂ ಆಗಲಿಲ್ಲ.

ರವಿವಾರ, 5 ಅಕ್ಟೋಬರ್

ಇವತ್ತಿನ ಕ್ಲಾಸಿನಲ್ಲಿ ದೌತಿಯನ್ನೇ ಆಬ್ಜೆಕ್ಟ್ ಡ್ರಾಯಿಂಗ್‌ಗೆ ಇಟ್ಟೆ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳು. ತಂಬಿಗೆ, ಬುಟ್ಟಿ, ಬದನೆಕಾಯಿ ಬರೆದು ಬರೆದು ಅವರಿಗೆ ಸಾಕಾಗಿತ್ತು, ಇದನ್ನು ಕಂಡು ಹತ್ತಿರ ಬಂದು ಕೂತರು. ಇದೇನು ಎಂದು ಒಬ್ಬರಿಗೂ ಗೊತ್ತಿಲ್ಲ. ಒಬ್ಬ "ಪಿಸ್ತೂಲ್ ಏನ್ರಿ?" ಅಂದ. ನಡುವಿನಲ್ಲಿ ಸಿಕ್ಕಿಸಿಕೊಳ್ಳುವ ವಸ್ತು ಎಂಬುದು ಅವನ ಕಣ್ಣಿಗೆ ಹೊಳೆದಿದೆ, ಭಲೇ.

ಆಮೇಲೆ ದೌತಿ ಇರುವ ಹಳೆಯ ಚಿತ್ರಗಳ ಪ್ರಿಂಟುಗಳನ್ನು ಗೋಡೆಗೆ ಅಂಟಿಸಿ ತೋರಿಸಿದೆ. ಮೊದಲು ಬೊತ್ತಿಚೆಲ್ಲಿಯ ದುಂಡು ಚಿತ್ರ, 1480ರ ದಶಕದ ಮೊದಲ ವರ್ಷಗಳದ್ದು, ಫ್ಲಾರೆನ್ಸಿನ ಉಫಿತ್ಸಿಯಲ್ಲಿದೆ. ಮೇರಿಯ ತೊಡೆಯ ಮೇಲೆ ಮಗು, ಎದುರಿಗೆ ದೇವದೂತರು ಹಿಡಿದ ತೆರೆದ ಪುಸ್ತಕ. ಒಬ್ಬ ದೂತ ಮಸಿಕುಡಿಕೆ ಹಿಡಿದಿದ್ದಾನೆ, ಅವಳು ಅದರಲ್ಲಿ ಲೇಖನಿ ಅದ್ದುತ್ತಿದ್ದಾಳೆ. ದೇವರನ್ನು ಹೊಗಳುವ ಹಾಡು ಪುಸ್ತಕದಲ್ಲಿ ಅರ್ಧ ಇಳಿದಿದೆ. ಆ ದೊಡ್ಡ ಗುಂಪಿನಲ್ಲಿ, ಅಷ್ಟೊಂದು ಬಂಗಾರದ ನಡುವೆ, ಇಡೀ ಚಿತ್ರ ನಿಂತಿರುವುದು ಅದ್ದುವ ಆ ಗಳಿಗೆಯ ಮೇಲೆ.

ಆಮೇಲೆ ಹೊಲ್ಬೈನ್‌ನ ಗೇಯೋರ್ಗ್ ಗೀಸೆ, 1532. ಲಂಡನ್ನಿನಲ್ಲಿ ವ್ಯಾಪಾರಕ್ಕೆ ಕೂತ ಜರ್ಮನ್ ಸಾವುಕಾರ. ಮೇಜಿನ ಮೇಲೆ ಸೀಸ-ತವರದ ಬರವಣಿಗೆ ತಟ್ಟೆ, ಲೇಖನಿ, ಮುದ್ರೆ, ನಾಣ್ಯ. ಪಕ್ಕಕ್ಕೇ ಗಾಜಿನ ಹೂದಾನಿ. ಗೋಡೆಯ ತುಂಬ ಸಿಕ್ಕಿಸಿದ ಕಾಗದಗಳು. ಮಸಿಯೂ ರೊಕ್ಕವೂ ಒಂದೇ ಮೇಜಿನ ಮೇಲಿವೆ. ನಮ್ಮ ದುರ್ಗದ ಬೈಲಿನ ಪೇಟೆಯಲ್ಲಿ ಗದ್ದಿಗೆಯ ಮೇಲೆ ಕೂರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ದಾವೀದ್‌ನ ಮರಾ. 1793ರ ಜುಲೈ 13ರಂದು ಫ್ರೆಂಚ್ ಕ್ರಾಂತಿಯ ನಾಯಕ ಮರಾನನ್ನು ಅವನ ಸ್ನಾನದ ತೊಟ್ಟಿಯಲ್ಲೇ ಶಾರ್ಲೊಟ್ ಕಾರ್ಡೆ ಚೂರಿಯಿಂದ ಇರಿದು ಕೊಂದಳು. ಚರ್ಮರೋಗದಿಂದಾಗಿ ಅವನು ತೊಟ್ಟಿಯಲ್ಲೇ ಕೂತು ಬರೆಯುತ್ತಿದ್ದ. ತೊಟ್ಟಿಯ ಪಕ್ಕ ಒಂದು ಒರಟು ಮರದ ಪೆಟ್ಟಿಗೆ, ಅದರ ಮೇಲೆ ಮಸಿಕುಡಿಕೆ, ಒಂದು ಗರಿಯ ಲೇಖನಿ, ಒಂದು ಕಾಗದ. ಇನ್ನೊಂದು ಲೇಖನಿ ಜೋತುಬಿದ್ದ ಬಲಗೈಯಲ್ಲಿ. ಹೆಚ್ಚುಕಡಿಮೆ ಅರ್ಧ ಚಿತ್ರ ಬರೀ ಖಾಲಿ ಗೋಡೆ. ಪೆಟ್ಟಿಗೆಯ ಮುಖದ ಮೇಲೆ, ಮಸಿಕುಡಿಕೆಯ ಕೆಳಗೇ, ದಾವೀದ್ ಮರಾನ ಹೆಸರನ್ನೂ ತನ್ನ ಹೆಸರನ್ನೂ ಬರೆದಿದ್ದಾನೆ. ಮಕ್ಕಳು ರಕ್ತ ನೋಡಿದರು, ಚೂರಿ ಹುಡುಕಿದರು. ನಾನು ಆ ಕೈಯಿಂದ ಪೆಟ್ಟಿಗೆಗೆ ಎಷ್ಟು ದೂರ ನೋಡಿ ಅಂದೆ. ಲೇಖನಿ ಇನ್ನು ಕುಡಿಕೆಗೆ ಹೋಗುವುದಿಲ್ಲ.

ಎಲ್ಲ ನೋಡಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: "ಇವೆಲ್ಲಾ ಹೊರಗಿನವ್ರು ಬರೆದದ್ದಲ್ರಿ ಮೇಡಂ. ನಮ್ಮವ್ರು ದೌತಿ ಚಿತ್ರಾ ಬರದೇ ಇಲ್ಲೇನ್ರಿ?"

ನೋಡಿ ಹೇಳ್ತೀನಿ ಅಂದೆ.

ಗುರುವಾರ, 9 ಅಕ್ಟೋಬರ್

ಆ ಪ್ರಶ್ನೆಯ ಹಿಂದೆಯೇ ಇದ್ದೇನೆ. ನಮ್ಮಲ್ಲಿ ಬರೆಯುವವರ ಚಿತ್ರಗಳಿಗೇನೂ ಕಡಿಮೆಯಿಲ್ಲ. ಅವುಗಳಲ್ಲಿ ದೌತಿ ಎಲ್ಲಿ?

ಮೊದಲು ನೆನಪಾದವಳು ಜಲಸಂಗಿಯ ಶಾಸನಸುಂದರಿ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ಹೊರಗೋಡೆಯ ಮೇಲೆ ಬೆನ್ನು ತುಸು ತಿರುಗಿಸಿ ನಿಂತ ಹೆಣ್ಣು, ಎತ್ತಿದ ಕೈಯಿಂದ ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಶಿಲ್ಪದ ಹಲಗೆಯಲ್ಲಿ ನಿಜವಾಗಿ ಓದಲು ಬರುವ ಅಕ್ಷರ, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲು. 1076ರಿಂದ 1126ರವರೆಗೆ ಆಳಿದ ದೊರೆಯ ಕೀರ್ತಿಯನ್ನು ಕಲ್ಲಿನ ಹೆಣ್ಣೊಬ್ಬಳು ಕಲ್ಲಿನಲ್ಲೇ ಬರೆದಳು. ಇಂಥ ಕಲ್ಪನೆ ಬೇರೆಲ್ಲಾದರೂ ಇದ್ದರೆ ನಾನು ಕಂಡಿಲ್ಲ. ಅವಳ ಬಳಿ ಮಸಿಪಾತ್ರೆ ಇಲ್ಲ. ಬೇಕಾಗಿಯೂ ಇಲ್ಲ.

ಎರಡನೆಯದು ರವಿವರ್ಮನ ಶಕುಂತಲೆ, 1876ರ ಪತ್ರಲೇಖನ. ಹುಲ್ಲಿನ ಮೇಲೆ ಮೈಚಾಚಿ ತಾವರೆ ಎಲೆಯ ಮೇಲೆ ದುಷ್ಯಂತನಿಗೆ ಓಲೆ ಬರೆಯುತ್ತಾಳೆ. ಕಾಳಿದಾಸನ ನಾಟಕದಲ್ಲಿ ಬರವಣಿಗೆಯ ಸಾಮಗ್ರಿ ಇಲ್ಲ ಎಂದು ಅವಳು ಹೇಳಿದಾಗ ಗೆಳತಿ ಉಗುರಿನಿಂದ ಬರೆ ಎನ್ನುತ್ತಾಳೆ. ಇಲ್ಲೂ ಕೊರೆದ ಅಕ್ಷರವೇ.

ಮೂರನೆಯದು ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಕರ್ನಲ್ ಕಾಲಿನ್ ಮೆಕೆಂಜಿಯ ಚಿತ್ರ. ಕೆಂಪು ಕೋಟಿನ ಮೆಕೆಂಜಿ, ಸುತ್ತ ಅವನ ಮೂವರು ಭಾರತೀಯ ಸಹಾಯಕರು, ದೂರದ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಆ ಮೂವರಲ್ಲಿ ನಮ್ಮ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರ ಕೈಯಲ್ಲಿ ಓಲೆಗರಿಯ ಕಟ್ಟು. ಮೆಕೆಂಜಿಯ ಹಸ್ತಪ್ರತಿ, ಶಾಸನಗಳ ಸಂಗ್ರಹದಲ್ಲಿ ಇಂಥ ಪಂಡಿತರು ಹುಡುಕಿ, ಓದಿ, ನಕಲು ಮಾಡಿದ್ದು ಎಷ್ಟೋ ಇದೆ, ಆ ಕೆಲಸಕ್ಕೆ ಕಾಗದ, ಮಸಿ ಧಾರಾಳವಾಗಿ ಬೇಕಾಗಿದ್ದವು. ಆದರೆ ಚಿತ್ರದಲ್ಲಿ ಅವರ ಗುರುತಾಗಿ ಬಂದದ್ದು ಓಲೆಗರಿ.

ಹಾಗಾದರೆ ಮಸಿ ಎಲ್ಲಿತ್ತು? ಓಲೆಗರಿಯಲ್ಲಿ ಅದು ಕೊನೆಗೆ ಬರುತ್ತಿತ್ತು. ಕಂಠದಿಂದ ಕೊರೆದಾಗ ಅಕ್ಷರ ಕಾಣುವುದೇ ಇಲ್ಲ. ಬರೆದಾದ ಮೇಲೆ ಕಾಡಿಗೆ ಎಣ್ಣೆ ಸವರಿ ಒರೆಸಿದರೆ ಕಪ್ಪು ಗೀರಿನೊಳಗೆ ಉಳಿದು ಅಕ್ಷರ ಎದ್ದು ಬರುತ್ತದೆ. ಕಡತದಲ್ಲಂತೂ ಎಲ್ಲ ತಿರುವುಮುರುವು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಚಿ ಪುಸ್ತಕ ಮಾಡಿ, ಬಳಪದಿಂದ ಬಿಳಿ ಅಕ್ಷರ ಬರೆಯುತ್ತಿದ್ದರು. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿ ಉಳಿದು ಬಂದಿವೆ. ಅಲ್ಲಿ ಕಪ್ಪು ಪುಟವೇ ಆಗಿದೆ. ಅದ್ದಬೇಕಾದ ಪಾತ್ರೆಯೇ ಇಲ್ಲ.

ಶನಿವಾರ, 11 ಅಕ್ಟೋಬರ್

ತಂಗಿಯ ಮನೆಗೆಂದು ಬೆಳಗ್ಗೆ ಹೊಸ ಬಸ್ ನಿಲ್ದಾಣದಿಂದ ಗದಗಿಗೆ ಹೋದೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬದ ಹತ್ತಿರ ಕೂತೆ. ಒದ್ದೆ ಪಂಚೆ ಉಟ್ಟು ಈ ಕಂಬಕ್ಕೆ ಒರಗಿ ಭಾರತ ಬರೆದ, ಪಂಚೆ ಒಣಗುವ ತನಕ ಬರೆಯುತ್ತಿದ್ದ ಎಂದು ಊರವರು ಹೇಳುವ ಕತೆ.

ಅವನು ಕಾವ್ಯದ ಮೊದಲಲ್ಲಿ ತನ್ನ ಹೆಗ್ಗಳಿಕೆ ಹೇಳಿಕೊಳ್ಳುವ ಪದ್ಯ ಎಲ್ಲರಿಗೂ ಬಾಯಿಪಾಠ. ಕರಡಿಗೆ ಹಲಗೆ ಬೇಡ, ಹಾಕಿದ ಮಾತನ್ನು ತಿದ್ದುವುದು ಬೇಡ, ಓಲೆಯ ಮೇಲೆ ಕಂಠದ ಸದ್ದು ನಡುವೆ ಕಡಿಯುವುದೇ ಇಲ್ಲ ಎಂಬ ಧಾಟಿ. ಇಷ್ಟು ದಿನ ಅದನ್ನು ಕವಿಯ ಆತ್ಮವಿಶ್ವಾಸ ಅಂತ ಓದುತ್ತಿದ್ದೆ. ಇವತ್ತು ಬರೆಯುವ ಸಾಮಾನಿನ ಕಡೆಯಿಂದ ನೋಡಿದೆ. ಕಂಠ ಅದ್ದಬೇಕಾಗಿಲ್ಲ, ಆದ್ದರಿಂದ ಸದ್ದು ಕಡಿಯದಂತೆ ಬರೆಯುವುದು ಸಾಧ್ಯ. ಗರಿಯ ಲೇಖನಿ ಹಿಡಿದ ಯಾವ ಕವಿಯೂ ಇಂಥ ಹೆಗ್ಗಳಿಕೆ ಹೇಳಿಕೊಳ್ಳಲಾರ. ನಾಲ್ಕಾರು ಪದಕ್ಕೊಮ್ಮೆ ಅವನ ಕೈ ಎದ್ದು ಕುಡಿಕೆಗೆ ಹೋಗಲೇಬೇಕು.

ಆ ಹುಡುಗಿಗೆ ಹೇಳಬೇಕಾದ ಮಾತು ಅಲ್ಲೇ ಸಿಕ್ಕಿತು. ದೌತಿ ಬರೆಯುವವನ ಕೈಗೆ ಒಂದು ಬಿಡುವು ಕೊಡುತ್ತದೆ. ಪುಟ ಬಿಟ್ಟು ಎದ್ದ ಕೈ ಪುಟಕ್ಕೆ ಮರಳುವ ಮುನ್ನ ಒಂದು ಉಸಿರು. ಯೂರೋಪಿನ ಚಿತ್ರಕಾರರು ಹಿಡಿದದ್ದು ಆ ಉಸಿರನ್ನು. ಬೊತ್ತಿಚೆಲ್ಲಿಯ ಮೇರಿ ಅದ್ದುತ್ತಿದ್ದಾಳೆ, ಮುಂದಿನ ಪದ ಇನ್ನೂ ಬಂದಿಲ್ಲ. ಎರಾಸ್ಮಸ್ ಆ ದಾರಿಯನ್ನು ಗೇಣಿಗಿಳಿಸಿದ್ದಾನೆ. ಮರಾನಿಗೆ ಬಿಡುವು ಬಂತು, ಮರಳಿಕೆ ಬರಲಿಲ್ಲ. ನಮ್ಮ ಶಿಲ್ಪಿ ಹಿಡಿದದ್ದು ಒತ್ತುವ ಕೈಯನ್ನು. ಜಲಸಂಗಿಯ ಹೆಣ್ಣಿನ ತೋಳಿನಲ್ಲಿ, ತಿರುಗಿದ ಬೆನ್ನಿನಲ್ಲಿ ಆ ಒತ್ತು ಕಾಣುತ್ತದೆ. ಅವಳು ಬರೆಯುವುದು ಮೈಯಿಂದ. ನಮ್ಮಲ್ಲಿ ದೌತಿಯ ಚಿತ್ರ ಇಲ್ಲದ್ದು ಕಲೆಯ ಕೊರತೆಯಿಂದಲ್ಲ.

ತಂಗಿ ಊಟಕ್ಕೆ ಕಾಯುತ್ತಿದ್ದಳು. ತಡವಾಗಿ ಹೋದೆ.

ಮಂಗಳವಾರ, 14 ಅಕ್ಟೋಬರ್

ನಮ್ಮಲ್ಲಿ ದೌತಿಯೇ ಇರಲಿಲ್ಲ ಎಂದೂ ಅಲ್ಲ. ಕಾಗದ ಬಂತು, ಫಾರಸಿ ಕಚೇರಿ ಬಂತು, ಜೊತೆಗೆ ದೌತಿಯೂ ಬಂತು. ದೊರೆಗಳಿಗೆ ಅದರ ಮೇಲೆ ಎಂಥ ಪ್ರೀತಿ! ಜಹಾಂಗೀರನ ಮಸಿಕುಡಿಕೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಹಸಿರು ಜೇಡ್ ಕಲ್ಲಿನದು, 1618-19ರಲ್ಲಿ ಮೂಮಿನ್ ಎಂಬ ಕಸಬುದಾರ ಮಾಡಿದ್ದು. ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು, ಆದರೆ ಮೈಮೇಲೆ ಬಾದಶಹನ ಹೆಸರು ಕೆತ್ತಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ತನ್ನ ಕಿತಾಬ್-ಎ-ನೌರಸ್ ಅನ್ನು ಸುಂದರವಾಗಿ ಬರೆದುಕೊಟ್ಟ ಲಿಪಿಕಾರ ಖಲೀಲುಲ್ಲಾನಿಗೆ ಲೇಖನಿಯ ಬಾದಶಹ ಎಂಬ ಬಿರುದು ಕೊಟ್ಟ.

ಬ್ರಿಟಿಷ್ ಲೈಬ್ರರಿಯಲ್ಲಿರುವ, ಫಾರಸಿ ಕವಿ ನಿಜಾಮಿಯ ಖಂಸಾದ ಅಕ್ಬರನ ಕಾಲದ ಪ್ರತಿಯ ಕೊನೆಯ ಪುಟದಲ್ಲಿ ಲಿಪಿಕಾರ ಅಬ್ದುಲ್ ರಹೀಮ್ ಮತ್ತು ಚಿತ್ರಕಾರ ದೌಲತ್ ಎದುರುಬದುರು ಕೂತಿದ್ದಾರೆ. ಒಬ್ಬ ಬರೆಯುತ್ತಾನೆ, ಇನ್ನೊಬ್ಬ ಅವನನ್ನು ಚಿತ್ರಿಸುತ್ತಾನೆ. ಜಹಾಂಗೀರನ ಅಪ್ಪಣೆಯಂತೆ ದೌಲತ್ ಆಮೇಲೆ ಸೇರಿಸಿದ ಚಿತ್ರ ಅದು. ಕಸಬುದಾರರು ತಮ್ಮ ಸಾಮಾನಿನ ನಡುವೆ ತಾವೇ ಚಿತ್ರವಾಗುವ ಹಕ್ಕು ಪಡೆದ ಪುಟ. ಅದನ್ನು ನೋಡಿದಾಗಲೆಲ್ಲ ಹೆಮ್ಮೆಯಾಗುತ್ತದೆ.

ಬೀದರಿನಲ್ಲಿ ಬಿದರಿ ಕೆಲಸದ ಕಲಮ್‌ದಾನಿ, ದೌತಿಗಳನ್ನು ಮಾಡುತ್ತಿದ್ದರು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಯನ್ನು ನಯ ಮಾಡಿ, ಗೆರೆ ಕೊರೆದು ಬೆಳ್ಳಿ ತುಂಬುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿನ ಜೊತೆ ನವಸಾಗರ ಸೇರಿಸಿ ಕಾಯಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಪ್ಪು ನೆಲ, ಬಿಳಿ ಗೆರೆ. ಕಡತದ ಪುಟವೂ ಹೀಗೇ. ಇದರ ಹಿಂದೆ ಕೊಡುಕೊಳ್ಳುವಿಕೆ ಏನಾದರೂ ಇತ್ತೆಂದು ಹೇಳುವುದಿಲ್ಲ. ನನ್ನ ಕಣ್ಣಿಗೆ ಅವೆರಡೂ ಒಂದೇ ಮನೆಯ ಮಕ್ಕಳಾಗಿ ಕಾಣುತ್ತವೆ, ಅಷ್ಟು ಬರೆದಿಡುತ್ತೇನೆ.

ಗುರುವಾರ, 16 ಅಕ್ಟೋಬರ್

ಆಯಿಲ್‌ನಲ್ಲಿ ಶುರು ಮಾಡಿದೆ. ಹಿತ್ತಾಳೆಗೆ ಹಳದಿ ಬೇಡ. ಯೆಲ್ಲೊ ಓಕರ್, ರಾ ಸಿಯನಾ, ನೆರಳಿಗೆ ಹಸಿರಿನ ಸುಳಿವು. ಕುಡಿಕೆಯ ಬಾಯಿಗೆ ಟ್ಯೂಬಿನ ಕಪ್ಪು ಹಚ್ಚಿದರೆ ಅಲ್ಲಿ ತೂತು ಬಿದ್ದಂತಾಗುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಬೆರೆಸಿ ಹಚ್ಚಿದಾಗ ಆಳ ಬಂತು. ಹತ್ತಿರದಿಂದ ನೋಡಿದರೆ ಅತಿ ಗಾಢವಾದ ಕಪ್ಪು ಮಸಿಯಲ್ಲಿ ಇಲ್ಲವೇ ಇಲ್ಲ. ಅದು ಬಿಜಾಗರಿಯ ಕೆಳಗಿನ ಸಂದಿಯಲ್ಲಿದೆ, ಕೂದಲೆಳೆಯಷ್ಟು ತೆಳು. ಒಣಗಿದ ಮಸಿಯ ಮೇಲೆ ಕಿಟಕಿಯ ಬೆಳಕು ಬಿದ್ದು ಅದು ಬೂದಿ ಬಣ್ಣಕ್ಕೆ ತಿರುಗಿದೆ.

ವಿಮಾನ ನಿಲ್ದಾಣದ ಕಡೆ ಮಳೆ ಕಟ್ಟಿತು. ಬೆಳಕು ಹೋಯಿತು, ನಿಲ್ಲಿಸಿದೆ.

ರವಿವಾರ, 19 ಅಕ್ಟೋಬರ್

ಹುಡುಗಿಗೆ ಗದಗಿನ ವಿಷಯ ಹೇಳಿದೆ. ಗಮನವಿಟ್ಟು ಕೇಳಿ, "ಹಂಗಾದ್ರ ಈ ದೌತಿ ಇಟ್ಕೊಂಡಾವ್ರು ಬಿಡುವಿನ್ಯಾಗ ಏನ್ ಮಾಡ್ತಿದ್ರು?" ಅಂದಳು.

ಚಿತ್ರದ ದಿಕ್ಕನ್ನೇ ತಿರುಗಿಸುವ ಪ್ರಶ್ನೆ.

ಮಂಗಳವಾರ, 21 ಅಕ್ಟೋಬರ್, ಅಮಾವಾಸ್ಯೆ

ದುರ್ಗದ ಬೈಲಿಗೆ ಹೋಗಿದ್ದೆ. ಪರಿಚಯದ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ, ಆದರೂ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ಒಂದನ್ನು ತಂದು, ಮೊದಲ ಪುಟದಲ್ಲಿ ಕುಂಕುಮದಿಂದ ಸ್ವಸ್ತಿಕ ಬರೆದು, ಪಕ್ಕದಲ್ಲಿ ಪೆನ್ನು ಮತ್ತು ಮಸಿಯ ಬಾಟಲಿ ಇಟ್ಟರು. ಪೂಜಾವಿಧಿಯಲ್ಲಿ ಮಸಿಪಾತ್ರೆಗೆ ಮಹಾಕಾಳಿಯ ಸ್ಥಾನ, ಪುಸ್ತಕ ಮತ್ತು ಲೇಖನಿಗೆ ಸರಸ್ವತಿಯದು. ಕಪ್ಪಿನ ಒಳಗೆ ಕಾಳಿ ಕೂತಿದ್ದಾಳೆ ಎಂದ ಮೇಲೆ ಅಂಜಿಕೆಯೂ ಭಕ್ತಿಯೂ ಒಟ್ಟಿಗೇ ಬರುತ್ತವೆ. ಸಾಲಗಾರನಿಗೆ ಎರಡೂ ಚೆನ್ನಾಗಿ ಗೊತ್ತಿದ್ದವು.

ಮನೆಗೆ ಬಂದು ಪಕ್ಕದ ಹಿರಿಯರ ಜೊತೆ ಕೂತೆ. ಕುಲಕರ್ಣಿಗಳು ಬರೆಯುತ್ತಿದ್ದದ್ದು ಹೆಚ್ಚಾಗಿ ಮೋಡಿ ಲಿಪಿಯಲ್ಲಿ. ಬೋರನ್ನು ಕಾಗದದಿಂದ ಎತ್ತದೆ ಸಾಲು ಎಳೆಯಲು ಅನುಕೂಲವಾದ ಲಿಪಿ. ಬೋರು ಮೇಲೇಳುವುದು ದೌತಿಗಾಗಿ. ಬರೆದಾದ ಮೇಲೆ ಒಣಗಲು ಸಣ್ಣ ಮರಳು ಉದುರಿಸುತ್ತಿದ್ದರು. ಮುತ್ಯಾ ಅದ್ದುವಾಗ ತಲೆ ಎತ್ತಿ ಎದುರಿಗೆ ಕೂತವನ ಮುಖ ನೋಡುತ್ತಿದ್ದರಂತೆ, ಇದು ಹಿರಿಯರ ತಂದೆ ಹೇಳಿದ ಮಾತು. ಎದುರಿಗೆ ಕೂತವನು ಹೊಲದ ಹೆಸರು ಬದಲಿಸಲು ಬಂದವನೋ, ತೀರುವೆ ತುಂಬಲು ಬಂದವನೋ. ಅವನಿಗೆ ಓದಲು ಬಾರದು. ಬೋರು ಎದ್ದ ಗಳಿಗೆ ಅವನು ಉಸಿರು ಬಿಗಿಹಿಡಿದಿರಬೇಕು. ಆಗಿನ ಮುಂಬಯಿ ಸರಕಾರ 1950ರ ಕಾಯಿದೆಯಿಂದ ವಂಶಪಾರಂಪರ್ಯದ ಕುಲಕರ್ಣಿ ವತನ ತೆಗೆದುಹಾಕಿತು. ಅಲ್ಲಿಂದ ಮುಂದೆ ಈ ದೌತಿ ಅಟ್ಟ ಸೇರಿತು.

"ನಮ್ಮ ಮುತ್ಯಾ ಕೆಟ್ಟಾವ ಇರ್ಲಿಲ್ರಿ" ಅಂದರು ಹಿರಿಯರು. ನಾನು ಹಾಗೆ ಅಂದುಕೊಂಡಿರಲಿಲ್ಲ, ಅವರಿಗೂ ಅದು ಗೊತ್ತು. ಆದರೆ ಆ ಬಿಡುವು ಎರಡು ಕಡೆಯದು. ಬರೆಯುವವನದು ಒಂದು, ಕಾಯುವವನದು ಇನ್ನೊಂದು. ಯೂರೋಪಿನವರು ಬಹುಪಾಲು ಬರೆಯುವವನ ಕಡೆ ಕೂತು ಚಿತ್ರ ತೆಗೆದರು. 1868ರಲ್ಲಿ ಫ್ರೆಂಚ್ ಚಿತ್ರಕಾರ ಮಾನೆ ತನ್ನ ಗೆಳೆಯ, ಕಾದಂಬರಿಕಾರ ಜೋಲಾನ ಚಿತ್ರದಲ್ಲಿ ದೌತಿ ಮತ್ತು ಲೇಖನಿ ಇಟ್ಟಾಗಲೂ ಅದು ಬರಹಗಾರನ ಗೌರವಕ್ಕೆ.

ಗುರುವಾರ, 23 ಅಕ್ಟೋಬರ್, ಯಮದ್ವಿತೀಯೆ

ನಿದ್ದೆ ಬರಲಿಲ್ಲ. ಕಾಯುವವನ ಬಿಡುವನ್ನು ಯೋಚಿಸುತ್ತಿದ್ದಾಗ ಇಲೆಕ್ಷನ್ ಡ್ಯೂಟಿಯ ನೆನಪಾಯಿತು. ಮತಗಟ್ಟೆಯ ಸಾಮಾನಿನಲ್ಲಿ ಒಂದು ಪುಟ್ಟ ಮಸಿ ಬಾಟಲಿ ಇರುತ್ತದೆ. ಉರುಳದಂತೆ ಅದನ್ನು ಮರಳು ತುಂಬಿದ ಲೋಟದಲ್ಲಿ ಮುಕ್ಕಾಲು ಹುಗಿದು ಇಡಬೇಕು. ಅಳಿಸಲಾಗದ ಆ ಮಸಿ ಮೈಸೂರಿನದು, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಬೆಳಕು ತಾಗಿದರೆ ಚರ್ಮದ ಮೇಲೆ ಕಪ್ಪಾಗುತ್ತದೆ. ಓದು ಬಂದವರು, ಬಾರದವರು, ಹೊಲ ಇದ್ದವರು, ಇಲ್ಲದವರು ಎಲ್ಲರೂ ಎಡಗೈ ಚಾಚುತ್ತಾರೆ. ಅಧಿಕಾರಿ ಅದ್ದುತ್ತಾನೆ, ಸಾಲಿನಲ್ಲಿ ನಿಂತವರು ಆ ಗಳಿಗೆ ನೋಡುತ್ತಾರೆ. ನಮ್ಮ ಕಾಲದ ದೌತಿ ಅದೇ. ಮರಳಿನಲ್ಲಿ ಹುಗಿದ ಆ ಬಾಟಲಿಯ ಸ್ಟಿಲ್ ಲೈಫ್ ಅನ್ನು ಯಾರಾದರೂ ದೊಡ್ಡ ಕ್ಯಾನ್ವಾಸಿನ ಮೇಲೆ ಬರೆಯಬೇಕು. ಮಕ್ಕಳಿಗೆ ಹೇಳುತ್ತೇನೆ.

ರವಿವಾರ, 26 ಅಕ್ಟೋಬರ್

ಹಳೆಯ ಕ್ಯಾನ್ವಾಸನ್ನು ಪಕ್ಕಕ್ಕಿಟ್ಟೆ. ಅದರಲ್ಲಿ ದೌತಿಯನ್ನು ಮೇಲಿನಿಂದ ನೋಡಿದ್ದೇನೆ, ಬಾಯಿ ತೆರೆದಿದೆ, ಮಸಿ ಕಾಣುತ್ತದೆ. ಅದು ಬರೆಯುವವನ ನೋಟ. ಇವತ್ತು ಕ್ಲಾಸು ಮುಗಿದ ಮೇಲೆ ಹಿರಿಯರ ಮನೆಯ ಹಳೆಯ ಇಳಿಜಾರು ಬರವಣಿಗೆ ಮೇಜನ್ನು ತರಿಸಿದೆ, ಅದರ ಮೇಲೆ ದೌತಿ ಇಟ್ಟೆ. ಮೇಜಿನ ಆಚೆ ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದೆ. ಕುಡಿಕೆಯ ಅಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಯಿತು. ಬಾಯಿ ಒಂದು ಗೆರೆಯಾಯಿತು. ಒಳಗೆ ಮಸಿ ಇದೆಯೋ ಒಣಗಿದೆಯೋ ಇಲ್ಲಿಂದ ತಿಳಿಯುವುದಿಲ್ಲ. ತೆರೆದ ಮುಚ್ಚಳದ ಒಳಮೈ ಮಾತ್ರ ಹೊಳೆಯುತ್ತದೆ.

ಈ ಮಟ್ಟದಿಂದಲೇ ಬರೆಯುವುದು ಎಂದು ಗೊತ್ತು ಮಾಡಿದ್ದೇನೆ. ಬೋರು ಅಡ್ಡ ಬೇಡ, ಕಾಗದ ಬೇಡ. ಮೇಜಿನ ಮುಂಭಾಗದ ಹಲಗೆಗೆ ಕ್ಯಾನ್ವಾಸಿನ ಅರ್ಧ ಬಿಡುತ್ತೇನೆ, ಆ ಹಲಗೆಯ ಸಂದಿ, ಮೊಳೆ, ಕಲೆ ಎಲ್ಲ ಬರಬೇಕು. ಎದುರು ಕೂತವನು ಹೊತ್ತುಗಟ್ಟಲೆ ನೋಡಿದ್ದು ಅದನ್ನೇ. ಹಿರಿಯರು ದೌತಿಯನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಿ ಅಂದಿದ್ದಾರೆ. ಆ ಹುಡುಗಿ ಮುಂದಿನ ವಾರ ತನ್ನ ಅಜ್ಜಿಯನ್ನು ಕರೆತರುತ್ತಾಳೆ. ಅಜ್ಜಿಯ ಅಪ್ಪ ನವಲಗುಂದದ ಕಡೆ ಹೊಲ ಮಾಡುತ್ತಿದ್ದರಂತೆ, ಚಾವಡಿಯಲ್ಲಿ ಕೂರುತ್ತಿದ್ದದ್ದು ಎಲ್ಲಿ, ಹೇಗೆ ಎಂದು ಅವರಿಂದ ಕೇಳಿ ತಿಳಿಯಬೇಕು. ಅಲ್ಲಿಯತನಕ ಹಲಗೆಯ ಸ್ಟಡಿ ಮುಗಿಸುತ್ತೇನೆ.